ಮೊಬೈಲ್ ನಕ್ಷೆಯ ಆ್ಯಪ್‌ಗೆ ಹೊರಗಿನ ಜಿಪಿಎಸ್ ರಿಸೀವರ್ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ ನಕ್ಷೆ ತಯಾರಿಸುವವರು, ಸಮೀಕ್ಷೆ ನಡೆಸುವವರು ಮತ್ತು ದೂರದ ಹಾದಿಗಳಲ್ಲಿ ನಡೆಯುವವರು ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಸಾಧ್ಯವಾದಷ್ಟು ಅವರದೇ ಮಾತುಗಳಲ್ಲಿ, ಇಲ್ಲಿ ಒಟ್ಟುಗೂಡಿಸಲಾಗಿದೆ. ಮೊದಲ ಪ್ರಶ್ನೆಗಳು ಇನ್ನೂ ರಿಸೀವರ್ ಕೊಳ್ಳದವರಿಗಾಗಿ, ಕೊನೆಯವು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವವರಿಗಾಗಿ. ಜಿಪಿಎಸ್ ಎಂದಲ್ಲೆಲ್ಲ ಗ್ಲೊನಾಸ್, ಗೆಲಿಲಿಯೊ, ಬೈಡೂ ಮುಂತಾದ ಇತರ ಉಪಗ್ರಹ ವ್ಯವಸ್ಥೆಗಳೂ ಸೇರಿವೆ ಎಂದು ತಿಳಿಯಬೇಕು.

## ಕೊಳ್ಳುವ ಮುನ್ನ

ಫೋನಿನಲ್ಲೇ ಜಿಪಿಎಸ್ ಇದೆಯಲ್ಲ, ಮತ್ತೊಂದು ರಿಸೀವರ್ ಯಾಕೆ ಬೇಕು?

ದಾರಿ ಹುಡುಕುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ಬೇಡವೇ ಬೇಡ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಸುಮಾರು 5 ಮೀಟರ್ ಒಳಗೆ ಸ್ಥಳವನ್ನು ತೋರಿಸುತ್ತದೆ; ರಸ್ತೆಯಲ್ಲಿ ಹೋಗುವವರಿಗೆ ಅದು ಧಾರಾಳವಾಗಿ ಸಾಕು. ಎರಡು ಮರಗಳಲ್ಲಿ ಯಾವುದನ್ನು ಗುರುತಿಸಿದ್ದೇವೆ, ಬೇಲಿ ಗಡಿಯ ಈಚೆಗಿದೆಯೋ ಆಚೆಗಿದೆಯೋ ಎಂಬಂಥ ಪ್ರಶ್ನೆಗಳಿಗೆ ಮಾತ್ರ ಅದು ಸಾಲದು.

ವ್ಯತ್ಯಾಸದ ಮುಖ್ಯ ಕಾರಣ ಆಂಟೆನಾ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಳುಹಿಸುವ ತರಂಗವು ಬಲಮುಖವಾಗಿ ಸುತ್ತುತ್ತಾ ಬರುತ್ತದೆ, ಗೋಡೆಗೋ ವಾಹನಕ್ಕೋ ಬಡಿದು ಪ್ರತಿಫಲಿಸಿದಾಗ ಆ ಸುತ್ತು ಬಹುಮಟ್ಟಿಗೆ ಎಡಕ್ಕೆ ತಿರುಗುತ್ತದೆ. ಒಳ್ಳೆಯ ಆಂಟೆನಾ ಬಲಸುತ್ತನ್ನು ಸ್ವೀಕರಿಸಿ ಎಡಸುತ್ತನ್ನು ತಗ್ಗಿಸುತ್ತದೆ. ಫೋನಿನ ಅಂಚಿನಲ್ಲಿ ಹುದುಗಿಸಿದ ಪುಟ್ಟ ಆಂಟೆನಾಕ್ಕೆ ಈ ವಿವೇಚನೆ ಇರುವುದಿಲ್ಲ, ಆದ್ದರಿಂದ ನೇರ ಬಂದ ಸಿಗ್ನಲ್ ಮತ್ತು ಪ್ರತಿಫಲಿಸಿ ತಡವಾಗಿ ಬಂದ ಸಿಗ್ನಲ್ ಅದರಲ್ಲಿ ಬೆರೆತುಹೋಗುತ್ತವೆ. ಹೊರಗಿನ ರಿಸೀವರ್‌ನ ಇನ್ನೊಂದು ಅನುಕೂಲವನ್ನು ಹೆಚ್ಚಿನವರು ಮರೆಯುತ್ತಾರೆ: ಅದನ್ನು ಕೋಲಿನ ತುದಿಯಲ್ಲೋ ಬೆನ್ನಚೀಲದ ಮೇಲೋ ಇಡಬಹುದು, ಅಂದರೆ ನಿಮ್ಮ ದೇಹವೇ ಅರ್ಧ ಆಕಾಶವನ್ನು ಮರೆಮಾಡುವುದು ತಪ್ಪುತ್ತದೆ.

ರಿಸೀವರ್ ಕೊಂಡರೆ ನಿಖರತೆ ಎಷ್ಟರ ಮಟ್ಟಿಗೆ ಸುಧಾರಿಸುತ್ತದೆ?

ರಿಸೀವರ್‌ಗಿಂತ ಹೆಚ್ಚಾಗಿ ಅದಕ್ಕೆ ಸಿಗುವ ತಿದ್ದುಪಡಿ ಮಾಹಿತಿಯೇ ಇದನ್ನು ನಿರ್ಧರಿಸುತ್ತದೆ. ತಿದ್ದುಪಡಿಯಿಲ್ಲದೆ ಕೆಲಸ ಮಾಡುವ ಸಾಧಾರಣ ಬ್ಲೂಟೂತ್ ರಿಸೀವರ್‌ನಿಂದ ತೆರೆದ ಜಾಗದಲ್ಲಿ ಎರಡು ಮೂರು ಮೀಟರ್ ನಿರೀಕ್ಷಿಸಬಹುದು. ಉಪಗ್ರಹದ ಮೂಲಕವೇ ಉಚಿತವಾಗಿ ಬರುವ ತಿದ್ದುಪಡಿ, ಅಂದರೆ ಅಮೆರಿಕದ ವಾಸ್, ಯುರೋಪಿನ ಎಗ್ನಾಸ್, ಭಾರತದ ಗಗನ್ ಮುಂತಾದವು ಲಭ್ಯವಿರುವಲ್ಲಿ ಅದು ಒಂದೆರಡು ಮೀಟರಿಗೆ ಇಳಿಯುತ್ತದೆ. ಸ್ಥಿರವಾಗಿ ನಿಂತ ಕೇಂದ್ರವೊಂದರ ಅವಲೋಕನಗಳನ್ನು ಆಗಿಂದಾಗಲೇ ಪಡೆದು ಸ್ಥಳವನ್ನು ತಿದ್ದಿಕೊಳ್ಳುವ ಆರ್‌ಟಿಕೆ ಎಂಬ ವಿಧಾನದಲ್ಲಿ ಒಂದೆರಡು ಸೆಂಟಿಮೀಟರ್ ಸಾಧ್ಯ.

ಪೆಟ್ಟಿಗೆಯ ಮೇಲೆ ಸೆಂಟಿಮೀಟರ್ ಎಂದು ಅಚ್ಚಾಗಿರುವ ರಿಸೀವರ್ ಕೂಡ ತಿದ್ದುಪಡಿ ಸಿಗದಿದ್ದರೆ ಮೀಟರ್ ಲೆಕ್ಕದ ಉಪಕರಣವೇ. ಬಹಳ ಜನಪ್ರಿಯವಾದ ಯು-ಬ್ಲಾಕ್ಸ್ ಝೆಡ್‌ಇಡಿ-ಎಫ್9ಪಿ ಚಿಪ್‌ಗೆ ಅದರ ತಯಾರಕರೇ ತಿದ್ದುಪಡಿಯಿಲ್ಲದ ಸ್ಥಿತಿಯಲ್ಲಿ ಕೊಡುವ ಅಂಕಿ 1.5 ಮೀಟರ್. ನೀವು ಕೆಲಸ ಮಾಡುವ ಪ್ರದೇಶದಲ್ಲಿ ತಿದ್ದುಪಡಿ ಸೇವೆಯೂ ಮೊಬೈಲ್ ಇಂಟರ್ನೆಟ್ಟೂ ಇವೆಯೇ ಎಂದು ವಿಚಾರಿಸಿದ ಮೇಲೆಯೇ ಅಂಥದ್ದಕ್ಕೆ ಹಣ ಹಾಕುವುದು ಒಳಿತು.

ನಾನು ಬಳಸುವ ಆ್ಯಪ್ ಹೊರಗಿನ ರಿಸೀವರ್ ಅನ್ನು ಒಪ್ಪುತ್ತದೆಯೇ?

ರಿಸೀವರ್‌ನ ಮಾಹಿತಿ ಆ್ಯಪ್‌ಗೆ ತಲುಪಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಆ್ಯಪ್ ತಾನೇ ರಿಸೀವರ್‌ನೊಂದಿಗೆ ಸಂಪರ್ಕ ಸಾಧಿಸಿ, ಅದು ಕಳುಹಿಸುವ ಎನ್‌ಎಂಇಎ 0183 ಸಾಲುಗಳನ್ನು (ಸ್ಥಳಮಾಹಿತಿಯನ್ನು ಅಕ್ಷರಗಳಲ್ಲಿ ಕಳುಹಿಸುವ ಪ್ರಮಾಣಿತ ರೂಪ) ನೇರವಾಗಿ ಓದುತ್ತದೆ. ಕ್ಯೂಫೀಲ್ಡ್, ಎಸ್‌ಡಬ್ಲ್ಯು ಮ್ಯಾಪ್ಸ್, ಮರ್ಜಿನ್ ಮ್ಯಾಪ್ಸ್, ಆರ್ಕ್‌ಜಿಐಎಸ್ ಫೀಲ್ಡ್ ಮ್ಯಾಪ್ಸ್ ಮುಂತಾದ ಸಮೀಕ್ಷೆಯ ಆ್ಯಪ್‌ಗಳಲ್ಲಿ ಈ ಸೌಲಭ್ಯವಿದೆ. ಎರಡನೆಯದರಲ್ಲಿ ಫೋನಿನ ಕಾರ್ಯಾಚರಣಾ ವ್ಯವಸ್ಥೆಯೇ ಹೊರಗಿನ ಸ್ಥಳಮಾಹಿತಿಯನ್ನು ತನ್ನದೆಂಬಂತೆ ಎಲ್ಲ ಆ್ಯಪ್‌ಗಳಿಗೂ ಹಂಚುತ್ತದೆ.

ಆಯ್ಕೆಯಿದ್ದಾಗಲೆಲ್ಲ ಮೊದಲ ದಾರಿಯನ್ನೇ ಹಿಡಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ನೇರವಾಗಿ ಓದುವ ಆ್ಯಪ್ ಪ್ರತಿ ಬಿಂದುವಿನ ಜೊತೆಗೆ ತಿದ್ದುಪಡಿಯ ಸ್ಥಿತಿ, ಬಳಸಿದ ಉಪಗ್ರಹಗಳ ಸಂಖ್ಯೆ, ಅಂದಾಜು ದೋಷ ಇವನ್ನೂ ಉಳಿಸಬಲ್ಲದು. ವ್ಯವಸ್ಥೆಯ ಮೂಲಕ ಹಾದುಬರುವಾಗ ಇವುಗಳಲ್ಲಿ ಹೆಚ್ಚಿನವು ಉದುರಿಹೋಗಿ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಒಂದು ನಿಖರತೆಯ ಅಂಕಿ ಮಾತ್ರ ಉಳಿಯುತ್ತವೆ. ಆರು ತಿಂಗಳ ನಂತರ ಯಾರಾದರೂ ಒಂದು ಬಿಂದುವನ್ನು ಪ್ರಶ್ನಿಸಿದಾಗ ಉತ್ತರ ಕೊಡಲು ಬೇಕಾಗುವುದು ಹಾಗೆ ಉದುರಿಹೋದ ವಿವರಗಳೇ.

ಬ್ಲೂಟೂತ್ ಒಳ್ಳೆಯದೋ, ಯುಎಸ್‌ಬಿ ತಂತಿ ಒಳ್ಳೆಯದೋ?

ನಿಖರತೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ನಡೆದಾಡುವ ಕೆಲಸಕ್ಕೆ ಬ್ಲೂಟೂತ್ ಸಲೀಸು. ವಾಹನದಲ್ಲಿ ದಿನವಿಡೀ ಓಡುವ ಕೆಲಸಕ್ಕೆ ತಂತಿ ಹೆಚ್ಚು ನಂಬಿಕೆಯದು. ತಂತಿಯಾದರೆ ಫೋನಿಗೆ ಓಟಿಜಿ, ಅಂದರೆ ಯುಎಸ್‌ಬಿ ಮೂಲಕ ಹೊರಗಿನ ಉಪಕರಣವನ್ನು ಜೋಡಿಸಿಕೊಳ್ಳುವ ಸೌಲಭ್ಯವಿರಬೇಕು ಮತ್ತು ಆ್ಯಪ್‌ಗೆ ರಿಸೀವರ್‌ನ ಯುಎಸ್‌ಬಿ ಸೀರಿಯಲ್ ಚಿಪ್ ಪರಿಚಿತವಾಗಿರಬೇಕು. ರಿಸೀವರ್ ಫೋನಿನ ಬ್ಯಾಟರಿಯಿಂದಲೇ ವಿದ್ಯುತ್ ಸೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

## ಜೋಡಿಸುವಾಗ

ಪೇರಿಂಗ್ ಆಗಿದೆ, ಆದರೂ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ‘ಸಂಪರ್ಕಗೊಂಡಿದೆ’ ಎಂದು ಬರುತ್ತಲೇ ಇಲ್ಲ. ರಿಸೀವರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಹಾಡು ಕೇಳುವ ಹೆಡ್‌ಫೋನ್ ಪೇರ್ ಆದ ಕೂಡಲೇ ಸಂಪರ್ಕಗೊಳ್ಳುತ್ತದೆ, ಆದರೆ ಹೆಚ್ಚಿನ ಜಿಪಿಎಸ್ ರಿಸೀವರ್‌ಗಳು ಬಳಸುವ ಸೀರಿಯಲ್ ಪೋರ್ಟ್ ವಿಧಾನದಲ್ಲಿ ಪೇರಿಂಗ್ ಎಂದರೆ ಪರಸ್ಪರ ಗುರುತು ಮಾತ್ರ. ಯಾವುದಾದರೂ ಆ್ಯಪ್ ಆ ಪೋರ್ಟನ್ನು ತೆರೆದಾಗಷ್ಟೇ ಸಂಪರ್ಕ ಏರ್ಪಡುತ್ತದೆ. ಹಾಗಾಗಿ ಒಮ್ಮೆ ಪೇರ್ ಮಾಡಿ (ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000), ಸೆಟ್ಟಿಂಗ್ಸ್‌ನಿಂದ ಹೊರಬಂದು, ನಕ್ಷೆಯ ಆ್ಯಪ್‌ನ ಒಳಗೆ ರಿಸೀವರ್ ಅನ್ನು ಆರಿಸಿಕೊಳ್ಳಬೇಕು.

ಅಲ್ಲಿಯೂ ಹೆಸರು ಕಾಣದಿದ್ದರೆ ಮೊದಲು ಅನುಮತಿಗಳನ್ನು ನೋಡಿ: ಆಂಡ್ರಾಯ್ಡ್ 12ರಿಂದ ಈಚೆಗೆ ಹತ್ತಿರದ ಸಾಧನಗಳನ್ನು ಬಳಸಲು ಆ್ಯಪ್‌ಗೆ ಪ್ರತ್ಯೇಕ ಅನುಮತಿ ಬೇಕು, ಸ್ಥಳದ ಅನುಮತಿಯೂ ‘ನಿಖರ’ ಎಂದಿರಬೇಕು. ಹೆಸರು ಕಂಡರೂ ಸಂಪರ್ಕ ನಿರಾಕರಿಸಿದರೆ ಬೇರೊಂದು ಆ್ಯಪ್ ಅಥವಾ ಜೊತೆಗಾರರ ಫೋನು ಅದೇ ಪೋರ್ಟನ್ನು ಹಿಡಿದಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಇಂಥ ಬಹುಪಾಲು ರಿಸೀವರ್‌ಗಳು ಒಮ್ಮೆಗೆ ಒಬ್ಬರೊಡನೆ ಮಾತ್ರ ಮಾತನಾಡುತ್ತವೆ.

ನನ್ನ ಆ್ಯಪ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಆಂಡ್ರಾಯ್ಡ್‌ನ ಮಾಕ್ ಲೊಕೇಶನ್ ಬಳಸುವುದು ಹೇಗೆ?

ಇದಕ್ಕೆ ಮಧ್ಯವರ್ತಿಯಂತೆ ಕೆಲಸ ಮಾಡುವ ಇನ್ನೊಂದು ಆ್ಯಪ್ ಬೇಕು. ರಿಸೀವರ್‌ನಿಂದ ಓದಿದ್ದನ್ನು ಅದು ಫೋನಿನ ಸ್ಥಳಮಾಹಿತಿಯ ಜಾಗದಲ್ಲಿ ಕೂರಿಸುತ್ತದೆ. ಫೋನಿನ ವಿವರಗಳಿರುವ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರೊಳಗೆ ಮಾಕ್ ಲೊಕೇಶನ್ ಆ್ಯಪ್ ಆರಿಸುವ ಸಾಲಿನಲ್ಲಿ ಆ ಮಧ್ಯವರ್ತಿಯ ಹೆಸರನ್ನು ಆರಿಸಿ, ನಂತರ ಅದನ್ನು ತೆರೆದು ರಿಸೀವರ್‌ಗೆ ಜೋಡಿಸಿ, ಕೊನೆಗೆ ನಕ್ಷೆಯ ಆ್ಯಪ್ ತೆರೆಯಬೇಕು. ಈ ಅನುಕ್ರಮ ಮುಖ್ಯ.

ಹೀಗೆ ಬಂದ ಸ್ಥಳಕ್ಕೆ ‘ಮಾಕ್’ ಎಂಬ ಗುರುತು ಅಂಟಿರುತ್ತದೆ, ಅದನ್ನು ಪ್ರತಿ ಆ್ಯಪ್ ಕೂಡ ನೋಡಬಲ್ಲದು. ಹಾಜರಾತಿ ದಾಖಲಿಸುವ ಅಥವಾ ಹಣ ಪಾವತಿಯ ಕೆಲವು ಆ್ಯಪ್‌ಗಳು ಆ ಗುರುತು ಕಂಡೊಡನೆ ಕೆಲಸ ನಿಲ್ಲಿಸುತ್ತವೆ. ನಿಮ್ಮ ಉದ್ದೇಶ ಪ್ರಾಮಾಣಿಕವಾದದ್ದು ಎಂದು ತಿಳಿಯಲು ಅವುಗಳಿಗೆ ದಾರಿಯಿಲ್ಲ, ಆದ್ದರಿಂದ ಕೆಲಸ ಮುಗಿದ ಕೂಡಲೇ ಆ ಆಯ್ಕೆಯನ್ನು ತೆಗೆದುಹಾಕುವುದು ಉತ್ತಮ.

ಐಫೋನ್‌ಗೆ ಯಾವ ರಿಸೀವರ್ ಆದರೂ ನಡೆಯುತ್ತದೆಯೇ?

ಇಲ್ಲ. ಸಾಂಪ್ರದಾಯಿಕ ಬ್ಲೂಟೂತ್ ಮೂಲಕ ಐಫೋನ್‌ಗೆ ಮಾಹಿತಿ ಕಳುಹಿಸಬೇಕಾದರೆ ರಿಸೀವರ್ ಆ್ಯಪಲ್‌ನ ಎಂಎಫ್‌ಐ ಮಾನ್ಯತೆ ಪಡೆದಿರಬೇಕು. ಆಂಡ್ರಾಯ್ಡ್‌ನಲ್ಲಿ ಚೆನ್ನಾಗಿ ನಡೆಯುವ ಎಷ್ಟೋ ರಿಸೀವರ್‌ಗಳು ಐಫೋನ್‌ನಲ್ಲಿ ಕೆಲಸಕ್ಕೆ ಬಾರದಿರಲು ಇದೇ ಕಾರಣ. ಗಾರ್ಮಿನ್ ಗ್ಲೋ, ಬ್ಯಾಡ್ ಎಲ್ಫ್ ಬಗೆಯ ಮಾನ್ಯತೆ ಪಡೆದ ರಿಸೀವರ್ ಸಂಪರ್ಕಗೊಂಡ ಮೇಲೆ ಐಒಎಸ್ ಅದರ ಸ್ಥಳಮಾಹಿತಿಯನ್ನು ಎಲ್ಲ ಆ್ಯಪ್‌ಗಳಿಗೂ ತಾನಾಗಿಯೇ ಒದಗಿಸುತ್ತದೆ. ಬೇರೆ ಸೆಟ್ಟಿಂಗ್ ಬೇಕಿಲ್ಲ. ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಇ ವಿಧಾನಕ್ಕೆ ಈ ಮಾನ್ಯತೆಯ ಅಗತ್ಯವಿಲ್ಲವಾದರೂ, ಅದನ್ನು ಓದಲು ಸಿದ್ಧಪಡಿಸಿದ ಆ್ಯಪ್‌ನೊಳಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆಂಡ್ರಾಯ್ಡ್‌ನಲ್ಲಿರುವಂಥ ಮಾಕ್ ಲೊಕೇಶನ್ ಆಯ್ಕೆ ಐಫೋನ್ ಬಳಕೆದಾರರಿಗೆ ಇಲ್ಲ.

## ಬಳಸುವಾಗ

ನಕ್ಷೆಯ ಮೇಲಿನ ಬಿಂದು ರಿಸೀವರ್‌ನಿಂದಲೇ ಬರುತ್ತಿದೆ ಎಂದು ನಂಬುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ. ಸಂಪರ್ಕ ಕಡಿದಾಗ ಅನೇಕ ಆ್ಯಪ್‌ಗಳು ಸದ್ದಿಲ್ಲದೆ ಫೋನಿನ ಒಳಗಿನ ಜಿಪಿಎಸ್‌ಗೆ ಮರಳುತ್ತವೆ. ಬಿಂದು ಚಲಿಸುತ್ತಲೇ ಇರುತ್ತದೆ, ದಾಖಲೆಯೂ ಆಗುತ್ತಲೇ ಇರುತ್ತದೆ, ದಿನದ ಕೊನೆಯಲ್ಲಿ ಒಳ್ಳೆಯ ಅಳತೆ ಎಲ್ಲಿ ಮುಗಿದು ಸಾಧಾರಣ ಅಳತೆ ಎಲ್ಲಿ ಆರಂಭವಾಯಿತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಖಚಿತಪಡಿಸಿಕೊಳ್ಳಲು ಸರಳವಾದ ಪರೀಕ್ಷೆಯಿದೆ. ರಿಸೀವರ್ ಅನ್ನು ಬಯಲಿನಲ್ಲಿ ನೆಲದ ಮೇಲಿಟ್ಟು ಫೋನನ್ನು ಹಿಡಿದು ಎಂಟು ಹತ್ತು ಮೀಟರ್ ನಡೆಯಿರಿ. ಬಿಂದು ರಿಸೀವರ್ ಇರುವಲ್ಲೇ ಉಳಿದರೆ ಮಾಹಿತಿ ಅಲ್ಲಿಂದ ಬರುತ್ತಿದೆ, ನಿಮ್ಮ ಹಿಂದೆಯೇ ಬಂದರೆ ಫೋನಿನಿಂದ ಬರುತ್ತಿದೆ. ದೂರ ನಡೆಯಲು ಜಾಗವಿಲ್ಲದಿದ್ದರೆ ರಿಸೀವರ್ ಮೇಲೆ ಲೋಹದ ಪಾತ್ರೆಯೊಂದನ್ನು ಮುಚ್ಚಿ ನೋಡಿ: ಉಪಗ್ರಹಗಳ ಸಂಖ್ಯೆ ಸರ್ರನೆ ಕುಸಿಯಬೇಕು. ಕುಸಿಯದೆ ಎಲ್ಲವೂ ಮೊದಲಿನಂತೆಯೇ ಇದ್ದರೆ ನೀವು ನೋಡುತ್ತಿರುವುದು ರಿಸೀವರ್‌ನ ಅಂಕಿಗಳನ್ನಲ್ಲ.

ಪರದೆಯ ಮೇಲಿನ ನಿಖರತೆಯ ಅಂಕಿಯನ್ನು ಇದಕ್ಕೆ ಸಾಕ್ಷಿಯಾಗಿ ಒಪ್ಪಬೇಡಿ. ಅದು ಉಪಕರಣ ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು. ಮಾಕ್ ಲೊಕೇಶನ್ ದಾರಿಯಲ್ಲಂತೂ ಅದು ಮಧ್ಯವರ್ತಿ ಆ್ಯಪ್ ತನಗೆ ತೋಚಿದ ಸೂತ್ರದಿಂದ ಲೆಕ್ಕಹಾಕಿದ್ದೂ ಆಗಿರಬಹುದು.

ಎನ್‌ಎಂಇಎ ಸಾಲುಗಳು ಹರಿಯುತ್ತಿವೆ, ಅವುಗಳಲ್ಲಿ ಏನನ್ನು ನೋಡಬೇಕು?

ಜಿಜಿಎ ಎಂಬ ಸಾಲೊಂದನ್ನು ಓದಲು ಕಲಿತರೆ ಬಹುಪಾಲು ಸಂಶಯಗಳು ಪರಿಹಾರವಾಗುತ್ತವೆ. ಅಲ್ಪವಿರಾಮಗಳಿಂದ ಬೇರ್ಪಟ್ಟ ಅದರ ಅಂಕಣಗಳಲ್ಲಿ ಕ್ರಮವಾಗಿ ಸಮಯ, ಅಕ್ಷಾಂಶ, ರೇಖಾಂಶ, ಸ್ಥಿತಿ, ಉಪಗ್ರಹಗಳ ಸಂಖ್ಯೆ, ಎಚ್‌ಡಿಒಪಿ (ಉಪಗ್ರಹಗಳು ಆಕಾಶದಲ್ಲಿ ಹರಡಿರುವ ರೀತಿಯಿಂದ ಸಮತಲದ ದೋಷ ಎಷ್ಟು ಹಿಗ್ಗುತ್ತದೆ ಎಂಬ ಅಂಕಿ), ಎತ್ತರ ಇತ್ಯಾದಿ ಇರುತ್ತವೆ. ಸ್ಥಿತಿಯ ಅಂಕಣವೇ ತಿರುಳು: 0 ಎಂದರೆ ಸ್ಥಳ ಸಿಕ್ಕಿಲ್ಲ, 1 ಎಂದರೆ ತಿದ್ದುಪಡಿಯಿಲ್ಲದ ಸ್ಥಳ, 2 ಎಂದರೆ ಗಗನ್‌ನಂಥ ಸೇವೆಯಿಂದ ತಿದ್ದಿದ್ದು, 5 ಎಂದರೆ ಆರ್‌ಟಿಕೆ ಫ್ಲೋಟ್ (ಲೆಕ್ಕ ಇನ್ನೂ ಖಚಿತವಾಗಿಲ್ಲ), 4 ಎಂದರೆ ಆರ್‌ಟಿಕೆ ಫಿಕ್ಸ್ (ಲೆಕ್ಕ ಖಚಿತವಾಗಿ ಸೆಂಟಿಮೀಟರ್ ಮಟ್ಟ ಸಿಕ್ಕಿದೆ). 5ಕ್ಕಿಂತ 4 ಉತ್ತಮ ಎಂಬುದು ಹೊಸಬರನ್ನು ದಾರಿ ತಪ್ಪಿಸುತ್ತದೆ. ಅಕ್ಷಾಂಶ ರೇಖಾಂಶಗಳು ಇಲ್ಲಿ ಡಿಗ್ರಿ ಮತ್ತು ನಿಮಿಷಗಳಲ್ಲಿರುತ್ತವೆ. ದಶಮಾಂಶ ಡಿಗ್ರಿ ಎಂದು ಭಾವಿಸಿ ನಕ್ಷೆಯಲ್ಲಿಟ್ಟರೆ ಬಿಂದು ಎಲ್ಲೋ ಹೋಗಿ ಬೀಳುತ್ತದೆ.

ಬಿಂದು ಎರಡು ಜಾಗಗಳ ನಡುವೆ ಜಿಗಿಯುತ್ತಲೇ ಇರುತ್ತದೆ, ಏನು ಮಾಡಲಿ?

ಆಂಡ್ರಾಯ್ಡ್ ಫೋನಿನಲ್ಲಿ ಸ್ಥಳಮಾಹಿತಿಗೆ ಒಂದಕ್ಕಿಂತ ಹೆಚ್ಚು ಮೂಲಗಳಿವೆ: ಜಿಪಿಎಸ್, ವೈಫೈ ಹಾಗೂ ಮೊಬೈಲ್ ಗೋಪುರಗಳ ಅಂದಾಜು, ಇವೆಲ್ಲವನ್ನೂ ಬೆರೆಸಿದ ಮೂರನೆಯದು. ಮಧ್ಯವರ್ತಿ ಆ್ಯಪ್ ಜಿಪಿಎಸ್ ಒಂದನ್ನೇ ಬದಲಿಸಿ, ನಕ್ಷೆಯ ಆ್ಯಪ್ ಬೆರೆಸಿದ ಮೂಲವನ್ನು ಕೇಳುತ್ತಿದ್ದರೆ ಎರಡೂ ಸ್ಥಳಗಳು ಸರದಿಯಂತೆ ಬರುತ್ತವೆ. ಸ್ಥಳದ ಸೆಟ್ಟಿಂಗ್ಸ್‌ನಲ್ಲಿ ವೈಫೈ ಸ್ಕ್ಯಾನಿಂಗ್ ಹಾಗೂ ನಿಖರತೆ ಹೆಚ್ಚಿಸುವ ಆಯ್ಕೆಯನ್ನು ನಿಲ್ಲಿಸಿ ನೋಡಿ. ಮಧ್ಯವರ್ತಿ ಆ್ಯಪ್‌ನಲ್ಲಿ ಎಲ್ಲ ಮೂಲಗಳನ್ನೂ ಬದಲಿಸುವ ಆಯ್ಕೆಯಿದ್ದರೆ ಅದನ್ನೇ ಬಳಸಿ.

ಪರದೆ ಆರಿದ ಸ್ವಲ್ಪ ಹೊತ್ತಿಗೆ ದಾಖಲೆ ನಿಂತುಹೋಗುತ್ತದೆ.

ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯ ಆ್ಯಪನ್ನು ಮಲಗಿಸುತ್ತಿದೆ. ನಕ್ಷೆಯ ಆ್ಯಪ್ ಮತ್ತು ಮಧ್ಯವರ್ತಿ ಆ್ಯಪ್ ಎರಡಕ್ಕೂ ಬ್ಯಾಟರಿ ನಿರ್ಬಂಧ ತೆಗೆಯಿರಿ. ಒಂದಕ್ಕೆ ಮಾತ್ರ ತೆಗೆದರೆ ಪ್ರಯೋಜನವಿಲ್ಲ.

ಸೆಕೆಂಡಿಗೆ ಹತ್ತು ಬಾರಿ ಕಳುಹಿಸುವಂತೆ ಹೊಂದಿಸಿದೆ, ಈಗ ಬಿಂದು ನನಗಿಂತ ಹಿಂದೆ ಬೀಳುತ್ತಿದೆ.

ರಿಸೀವರ್‌ನ ಸೀರಿಯಲ್ ವೇಗ 9600 ಆಗಿದ್ದರೆ ಸೆಕೆಂಡಿಗೆ ಸುಮಾರು 960 ಅಕ್ಷರಗಳಷ್ಟೇ ಸಾಗುತ್ತವೆ. ಒಂದು ಎನ್‌ಎಂಇಎ ಸಾಲು 82 ಅಕ್ಷರಗಳವರೆಗೆ ಇರಬಹುದು, ಅಂದರೆ ಪೂರ್ಣ ಉದ್ದದ ಸಾಲುಗಳಾದರೆ ಸೆಕೆಂಡಿಗೆ ಹನ್ನೊಂದು ಮಾತ್ರ. ನಾಲ್ಕು ಉಪಗ್ರಹ ವ್ಯವಸ್ಥೆಗಳ ವಿವರವನ್ನೂ ಕಳುಹಿಸುವ ರಿಸೀವರ್ ಒಂದೇ ಸುತ್ತಿನಲ್ಲಿ ಅಷ್ಟನ್ನು ಬಳಸಿಬಿಡುತ್ತದೆ, ಉಳಿದದ್ದು ಸಾಲುಗಟ್ಟಿ ಕಾಯುತ್ತದೆ. ವೇಗವನ್ನು 115200ಕ್ಕೆ ಏರಿಸಿ, ಬೇಡದ ಸಾಲುಗಳನ್ನು ನಿಲ್ಲಿಸಿ. ನಡೆದಾಡಿ ಅಳೆಯುವವರಿಗೆ ಸೆಕೆಂಡಿಗೆ ಒಂದು ಸಾಕು. ನಿಂತ ಜಾಗದ ನಿಖರತೆಗೂ ಈ ಅಂಕಿಗೂ ಸಂಬಂಧವಿಲ್ಲ.

ಹಳೆಯ ರಿಸೀವರ್ ಸ್ಥಳವನ್ನು ಸರಿಯಾಗಿ ತೋರಿಸುತ್ತದೆ, ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಇದೇನು?

ಜಿಪಿಎಸ್‌ನ ಮೂಲ ಸಂದೇಶದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಸೊನ್ನೆಗೆ ಮರಳುತ್ತದೆ. ಹೀಗೆ 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ ಆಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ರಿಸೀವರ್‌ನ ತಂತ್ರಾಂಶ ಇದನ್ನು ಗಮನಿಸದಿದ್ದರೆ ದಿನಾಂಕ 1024 ವಾರ ಹಿಂದಕ್ಕೆ ಹೋಗುತ್ತದೆ. ಸ್ಥಳದ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ, ಆದರೆ ಸಮಯ ಹಳೆಯದೆಂದು ಕೆಲವು ಆ್ಯಪ್‌ಗಳು ಬಿಂದುವನ್ನೇ ತಿರಸ್ಕರಿಸುತ್ತವೆ. ತಯಾರಕರು ಹೊಸ ತಂತ್ರಾಂಶ ಕೊಟ್ಟಿದ್ದರೆ ಹಾಕಿಕೊಳ್ಳಿ, ಇಲ್ಲವಾದರೆ ಫೋನಿನ ಸಮಯವನ್ನು ಬಳಸುವ ಆಯ್ಕೆ ಆ್ಯಪ್‌ನಲ್ಲಿದೆಯೇ ನೋಡಿ.

## ಸೆಂಟಿಮೀಟರ್ ಮಟ್ಟದ ಅಳತೆ

ಎನ್‌ಟ್ರಿಪ್ ವಿವರಗಳನ್ನು ಎಲ್ಲಿ ತುಂಬಬೇಕು, ಫೋನಿನಲ್ಲೋ ರಿಸೀವರ್‌ನಲ್ಲೋ?

ಇಂಟರ್ನೆಟ್ ಇರುವ ಕಡೆ, ಅಂದರೆ ಸಾಮಾನ್ಯವಾಗಿ ಫೋನಿನಲ್ಲಿ. ಎನ್‌ಟ್ರಿಪ್ ಎಂದರೆ ತಿದ್ದುಪಡಿ ಮಾಹಿತಿಯನ್ನು ಇಂಟರ್ನೆಟ್ ಮೂಲಕ ಸಾಗಿಸುವ ವಿಧಾನ. ನಿಖರವಾಗಿ ಗೊತ್ತಿರುವ ಜಾಗದಲ್ಲಿ ಸ್ಥಿರವಾಗಿ ನಿಂತ ಬೇಸ್ ಸ್ಟೇಷನ್ ತನ್ನ ಅವಲೋಕನಗಳನ್ನು ಆರ್‌ಟಿಸಿಎಂ ರೂಪದಲ್ಲಿ ಎನ್‌ಟ್ರಿಪ್ ಸರ್ವರ್‌ಗೆ ಕಳುಹಿಸುತ್ತದೆ. ನಿಮ್ಮ ಫೋನು ಅದನ್ನು ಪಡೆದು ಬ್ಲೂಟೂತ್ ಮೂಲಕ ರಿಸೀವರ್‌ಗೆ ದಾಟಿಸುತ್ತದೆ, ರಿಸೀವರ್ ಲೆಕ್ಕ ಮಾಡಿ ತಿದ್ದಿದ ಸ್ಥಳವನ್ನು ಫೋನಿಗೆ ಮರಳಿಸುತ್ತದೆ. ಲೆಕ್ಕ ನಡೆಯುವುದು ರಿಸೀವರ್‌ನ ಒಳಗೆ, ಫೋನು ಇಲ್ಲಿ ಕೇವಲ ವಾಹಕ. ಸರ್ವರ್ ವಿಳಾಸ, ಪೋರ್ಟ್ (ಬಹುತೇಕ 2101), ಮೌಂಟ್‌ಪಾಯಿಂಟ್ (ಸರ್ವರ್‌ನಲ್ಲಿ ನಿಮಗೆ ಬೇಕಾದ ಬೇಸ್ ಅಥವಾ ಸೇವೆಯ ಹೆಸರು), ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇಷ್ಟು ವಿವರಗಳು ಬೇಕು. ಹಲವು ಬೇಸ್‌ಗಳನ್ನು ಬೆಸೆದು ನಿಮ್ಮ ಬಳಿಯೇ ಕಾಲ್ಪನಿಕ ಬೇಸ್ ಒಂದನ್ನು ಸೃಷ್ಟಿಸುವ ಸೇವೆಯಾದರೆ, ನಿಮ್ಮ ಜಿಜಿಎ ಸಾಲನ್ನು ಸರ್ವರ್‌ಗೆ ಕಳುಹಿಸುವ ಆಯ್ಕೆಯನ್ನೂ ಚಾಲೂ ಮಾಡಬೇಕು. ಅದಿಲ್ಲದಿದ್ದರೆ ಲಾಗಿನ್ ಯಶಸ್ವಿಯಾದರೂ ಒಂದು ಬೈಟ್ ಕೂಡ ಬರದಿರಬಹುದು.

ಗಂಟೆಗಟ್ಟಲೆ ಕಾದರೂ ಫ್ಲೋಟ್‌ನಿಂದ ಫಿಕ್ಸ್‌ಗೆ ಬರುತ್ತಿಲ್ಲ.

ಕಾಯುವುದರಿಂದ ಅದು ಸರಿಯಾಗುವುದಿಲ್ಲ. ಎರಡು ಆವರ್ತನಗಳ ರಿಸೀವರ್ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಫಿಕ್ಸ್ ಪಡೆಯುತ್ತದೆ, ಹಾಗಾಗದಿದ್ದರೆ ಕಾರಣ ಹುಡುಕಬೇಕು. ತಿದ್ದುಪಡಿಯ ವಯಸ್ಸು, ಅಂದರೆ ಕೊನೆಯ ತಿದ್ದುಪಡಿ ಎಷ್ಟು ಹಳೆಯದು ಎಂಬ ಅಂಕಿ, ಒಂದೆರಡು ಸೆಕೆಂಡಿಗಿಂತ ಹೆಚ್ಚಾಗುತ್ತಾ ಹೋದರೆ ದೋಷ ಇಂಟರ್ನೆಟ್‌ನದು. ವಯಸ್ಸು ಸರಿಯಿದ್ದರೆ ಬೇಸ್‌ನ ದೂರ ನೋಡಿ. ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಮಿಲಿಮೀಟರ್ ದೋಷ ಸೇರುವುದಲ್ಲದೆ, ಹತ್ತಿಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಎರಡೂ ಕಡೆಯ ವಾಯುಮಂಡಲ ಬೇರೆಯಾಗಿ ಫಿಕ್ಸ್ ಸಿಗುವುದೇ ಕಷ್ಟವಾಗುತ್ತದೆ. ಬೇಸ್ ಮತ್ತು ನಿಮ್ಮ ರಿಸೀವರ್ ಒಂದೇ ಉಪಗ್ರಹ ವ್ಯವಸ್ಥೆಗಳನ್ನೂ ಒಂದೇ ಆವರ್ತನಗಳನ್ನೂ ಬಳಸುತ್ತಿವೆಯೇ ಎಂಬುದು ಮುಂದಿನ ಪ್ರಶ್ನೆ. ಇಷ್ಟೂ ಸರಿಯಿದ್ದರೆ ಆಂಟೆನಾದ ಅಡಿಗೆ ಹತ್ತು ಸೆಂಟಿಮೀಟರ್ ಅಗಲದ ಲೋಹದ ತಟ್ಟೆ ಇಟ್ಟು ನೋಡಿ. ನೆಲದಿಂದ ಪುಟಿದು ಬರುವ ಸಿಗ್ನಲ್ ತಗ್ಗುವುದರಿಂದ ಬರಿಯ ಪ್ಯಾಚ್ ಆಂಟೆನಾಗಳಲ್ಲಿ ಇದರ ಪರಿಣಾಮ ದೊಡ್ಡದು.

ಫಿಕ್ಸ್ ಇದೆ, ಆದರೂ ಬಿಂದು ಉಪಗ್ರಹ ಚಿತ್ರದಿಂದ ಎರಡು ಮೀಟರ್ ಪಕ್ಕಕ್ಕೆ ಕೂರುತ್ತದೆ. ಯಾವುದು ತಪ್ಪು?

ಚಿತ್ರವೇ ಪಕ್ಕಕ್ಕೆ ಸರಿದಿರುವುದು ಬಹಳ ಸಾಮಾನ್ಯ, ಹಾಗಾಗಿ ಚಿತ್ರವನ್ನು ಅಳತೆಗೋಲಾಗಿ ಬಳಸಬಾರದು. ಆದರೆ ಇನ್ನೊಂದು ಕಾರಣವೂ ಇದೆ. ಆರ್‌ಟಿಕೆ ಫಲಿತಾಂಶ ಬರುವುದು ಬೇಸ್‌ನ ನಿರ್ದೇಶಾಂಕಗಳು ಯಾವ ಡೇಟಂನಲ್ಲಿ (ನಿರ್ದೇಶಾಂಕಗಳನ್ನು ಎಣಿಸುವ ಆಧಾರ ಚೌಕಟ್ಟಿನಲ್ಲಿ) ಇವೆಯೋ ಅದರಲ್ಲಿ. ಆ್ಯಪ್ ಮಾತ್ರ ಅದನ್ನು ಜಿಪಿಎಸ್‌ನ ಸ್ವಂತ ಡೇಟಂ ಆದ ಡಬ್ಲ್ಯುಜಿಎಸ್ 84 ಎಂದೇ ಭಾವಿಸುತ್ತದೆ. ಭೂಫಲಕಗಳು ಚಲಿಸುತ್ತಿರುವುದರಿಂದ ಈ ಎರಡರ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸರಿಯುವ ಆಸ್ಟ್ರೇಲಿಯಾದಲ್ಲಿ 1994ರ ಡೇಟಂಗೂ 2020ರ ಡೇಟಂಗೂ ನಡುವೆ ಸುಮಾರು 1.8 ಮೀಟರ್ ವ್ಯತ್ಯಾಸವಿದೆ. ಸೇವೆ ಒದಗಿಸುವವರಿಂದ ಡೇಟಂನ ಹೆಸರನ್ನು ಕೇಳಿ ತಿಳಿದು, ಆ್ಯಪ್‌ನಲ್ಲಿ ಅದನ್ನೇ ನಮೂದಿಸಿ, ನಿರ್ದೇಶಾಂಕ ಪ್ರಕಟವಾಗಿರುವ ಯಾವುದಾದರೂ ಸಮೀಕ್ಷಾ ಗುರುತಿನ ಮೇಲೆ ಒಮ್ಮೆ ನಿಂತು ಹೋಲಿಸಿ ನೋಡುವುದೇ ಸರಿಯಾದ ದಾರಿ.

ಎತ್ತರ ಹತ್ತಾರು ಮೀಟರ್ ತಪ್ಪಾಗಿ ಬರುತ್ತದೆ, ಸಮತಲದ ಸ್ಥಾನ ಮಾತ್ರ ಸರಿಯಾಗಿದೆ.

ಎರಡು ಬಗೆಯ ಎತ್ತರಗಳು ಬೆರೆತಿವೆ. ಉಪಗ್ರಹದ ಲೆಕ್ಕದಿಂದ ನೇರವಾಗಿ ಸಿಗುವುದು ಭೂಮಿಯ ಆಕಾರವನ್ನು ಅಂದಾಜಿಸುವ ಗಣಿತದ ದೀರ್ಘವೃತ್ತಜದಿಂದ ಅಳೆದ ಎತ್ತರ. ನಮಗೆ ಬೇಕಿರುವುದು ಸಮುದ್ರಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್‌ನಿಂದ ಅಳೆದ ಎತ್ತರ. ಇವೆರಡರ ಅಂತರ ಹಿಂದೂ ಮಹಾಸಾಗರದಲ್ಲಿ ಸುಮಾರು 106 ಮೀಟರ್ ಕೆಳಗೆ, ನ್ಯೂಗಿನಿಯ ಬಳಿ ಸುಮಾರು 85 ಮೀಟರ್ ಮೇಲೆ ಇದೆ. ಜಿಜಿಎ ಸಾಲು ಸಮುದ್ರಮಟ್ಟದ ಎತ್ತರವನ್ನೂ ಆ ಅಂತರವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಕೊಡುತ್ತದೆ. ಆದರೆ ಆಂಡ್ರಾಯ್ಡ್ ತನ್ನ ಆ್ಯಪ್‌ಗಳಿಗೆ ಕೊಡುವ ಸಾಮಾನ್ಯ ಎತ್ತರ ದೀರ್ಘವೃತ್ತಜದ್ದು, ಐಒಎಸ್ ಕೊಡುವುದು ಸಮುದ್ರಮಟ್ಟದ್ದು. ದಾರಿಯಲ್ಲಿ ಯಾರೋ ಒಬ್ಬರು ಅಂತರವನ್ನು ಎರಡು ಬಾರಿ ಕಳೆದರೆ, ಅಥವಾ ಕಳೆಯದೆಯೇ ಬಿಟ್ಟರೆ, ನೀವು ಹೇಳಿದಂತೆಯೇ ಆಗುತ್ತದೆ.

ಕೋಲಿನ ಎತ್ತರಕ್ಕೂ ಇದೇ ಎಚ್ಚರ ಅಗತ್ಯ: ಅದನ್ನು ರಿಸೀವರ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಒಂದೇ ಕಡೆ ನಮೂದಿಸಿ. ಕೋಲು ನೆಟ್ಟಗಿರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ಮೀಟರ್ ಕೋಲು ಒಂದೇ ಒಂದು ಡಿಗ್ರಿ ವಾಲಿದರೆ ತುದಿ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ, ಆರ್‌ಟಿಕೆ ಗಳಿಸಿಕೊಟ್ಟದ್ದೆಲ್ಲ ಅಲ್ಲಿಗೆ ಮುಗಿಯುತ್ತದೆ.

ಒಂದೇ ಗುರುತನ್ನು ಎಷ್ಟು ಬಾರಿ ಅಳೆದರೂ ಬಿಂದುಗಳು ಸಮಾನ ಅಂತರದ ಚೌಕಗಳಲ್ಲಿ ಕೂರುತ್ತವೆ. ರಿಸೀವರ್‌ನ ದೋಷವೇ?

ರಿಸೀವರ್ ಲೆಕ್ಕ ಸರಿಯಾಗಿಯೇ ಇರುತ್ತದೆ, ದಶಮಾಂಶ ಸ್ಥಾನಗಳು ಕತ್ತರಿಸಿಹೋಗಿರುತ್ತವೆ. ಎನ್‌ಎಂಇಎ ಸಾಲಿನಲ್ಲಿ ಅಕ್ಷಾಂಶದ ಒಂದು ನಿಮಿಷ ಎಂದರೆ ಸುಮಾರು 1,852 ಮೀಟರ್, ಆದ್ದರಿಂದ ನಿಮಿಷಕ್ಕೆ ನಾಲ್ಕು ದಶಮಾಂಶ ಸ್ಥಾನಗಳಿದ್ದರೆ ಅತಿ ಸಣ್ಣ ಹೆಜ್ಜೆಯೇ 18 ಸೆಂಟಿಮೀಟರ್, ಐದಿದ್ದರೆ ಸುಮಾರು 1.8 ಸೆಂಟಿಮೀಟರ್. ರಿಸೀವರ್‌ನ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ನಿಖರತೆಯ ಎನ್‌ಎಂಇಎ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಏಳು ಸ್ಥಾನಗಳು ಸಿಗುತ್ತವೆ. ಹಾಗೆ ಮಾಡಿದ ಮೇಲೂ ಚೌಕಗಳು ಉಳಿದರೆ ರಫ್ತು ಮಾಡಿದ ಕಡತವನ್ನು ತೆರೆದು ನೋಡಿ: ದಶಮಾಂಶ ಡಿಗ್ರಿಯಲ್ಲಿ ಆರು ಸ್ಥಾನಗಳೆಂದರೆ 11 ಸೆಂಟಿಮೀಟರ್, ಎಂಟು ಸ್ಥಾನಗಳೆಂದರೆ ಸುಮಾರು ಒಂದು ಮಿಲಿಮೀಟರ್. ಕಡತದಲ್ಲಿ ಆರೇ ಸ್ಥಾನಗಳಿದ್ದರೆ ರಫ್ತಿನ ಆಯ್ಕೆಗಳಲ್ಲಿ ಎಂಟಕ್ಕೆ ಏರಿಸಿ, ಮೂಲ ದತ್ತಾಂಶದಿಂದ ಮತ್ತೊಮ್ಮೆ ರಫ್ತು ಮಾಡಬೇಕು.